ಕರುವಿನ ಕೋಟಿನ ಒಳಪದರ

ನಮ್ಮ ಕಡೆ ಚಳಿಗಾಲದಲ್ಲಿ ಯಾರ ಮನೆಯಲ್ಲಾದರೂ ದನ ಕರು ಹಾಕಿದರೆ, ‘ಕೋಟು ಹೊಲಿಯೋ ಭಾವನ ಹತ್ರ ಒಂದು ಮಾತು ಕೇಳಿ’ ಎನ್ನುವವರು ಈಗಲೂ ಇದ್ದಾರೆ. ಹೊಗಳಿಕೆಯ ಮಾತೇ. ಆದರೆ ಅದು ಕಿವಿಗೆ ಬಿದ್ದಾಗೆಲ್ಲ ನನ್ನ ಎಡಪಕ್ಕೆ ತಣ್ಣಗಾಗುತ್ತದೆ. ಎಡಪಕ್ಕೆಯೇ ಯಾಕೆ ಎನ್ನುವುದನ್ನು ಹೇಳಲಿಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಇದು ಒಂದು ಕರುವಿನ ವಿಷಯ. ಅದು ನನ್ನ ಕರುವಲ್ಲ.

ನಾನು ಹೈಸ್ಕೂಲು ಮುಗಿಸಿ ಜಮೀನಿಗೆ ಇಳಿದವನು. ಸಿದ್ದಾಪುರದಿಂದ ಕೋಲಸಿರ್ಸಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಇಳಿದರೆ ನಮ್ಮ ಮನೆ. ಎದುರಿಗೆ ಗದ್ದೆಬಯಲು, ಬಯಲಿನ ನಡುವೆ ಒಂದು ಹಳ್ಳ, ಹಳ್ಳಕ್ಕೆ ಎರಡು ಮರದ ದಿಮ್ಮಿ ಹಾಕಿದ ಸಂಕ. ಸಂಕ ದಾಟಿ ಏರು ಹತ್ತಿದರೆ ಅತ್ತಿಗೆಯ ಮನೆ. ಅತ್ತಿಗೆ ಎಂದರೆ ಒಡಹುಟ್ಟಿದ ಅಣ್ಣನ ಹೆಂಡತಿಯಲ್ಲ, ಊರ ವರಸೆಯಲ್ಲಿ ಅತ್ತಿಗೆ. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕವಳು. ಅವಳ ಗಂಡ ಅಡಿಗೆ ಕೆಲಸದವನು. ಮದುವೆ ಮುಂಜಿಯ ಕಾಲ ಶುರುವಾಯಿತೆಂದರೆ ಶಿರಸಿ, ಹುಬ್ಬಳ್ಳಿ ಎಂದು ಊರೂರು ತಿರುಗುತ್ತಿದ್ದ. ಮನೆ, ದನ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು, ಎಲ್ಲವೂ ಅವಳೊಬ್ಬಳ ತಲೆಯ ಮೇಲೆ. ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ ಅವಳ ಕೊಟ್ಟಿಗೆಯ ಸೋಗೆಯ ಮಾಡು ಕಾಣುತ್ತಿತ್ತು. ಅಲ್ಲಿ ಕರು ಕೂಗಿದರೆ ಇಲ್ಲಿಗೆ ಕೇಳುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಡೈರಿ ಬಂದ ಮೇಲೆ ನಮ್ಮಲ್ಲೂ ಜರ್ಸಿ ತಳಿ ಬಂದಿತ್ತು. ಮೊದಲೆಲ್ಲ ನಾವು ಸಾಕುತ್ತಿದ್ದುದು ಮಲೆನಾಡು ಗಿಡ್ಡ. ಅದರ ಕರು ಹುಟ್ಟಿದಾಗ ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತಾಯಿ ನೆಕ್ಕಿ ಮುಗಿಸುವಷ್ಟರಲ್ಲಿ ಎದ್ದು ಬಾಲ ಎತ್ತಿ ಕುಣಿಯುತ್ತಿತ್ತು. ಅದಕ್ಕೆ ಚಳಿ ಆಗುತ್ತದೆ ಎಂದು ನಾವು ಯಾರೂ ಯೋಚಿಸಿದವರಲ್ಲ. ಜರ್ಸಿ ಕರು ಹಾಗಲ್ಲ. ಉದ್ದುದ್ದ ಕಾಲು, ತೆಳುವಾದ ರೋಮ, ಕಾಗದದಂಥ ಚರ್ಮ. ಮಾರ್ಗಶಿರ ಪುಷ್ಯಮಾಸದಲ್ಲಿ ಹುಟ್ಟಿದರೆ ನಿಂತಲ್ಲೇ ನಡುಗುತ್ತದೆ. ನಮ್ಮ ಮನೆಯ ಮೊದಲ ಜರ್ಸಿ ಕರು ಹಾಗೆಯೇ ನಡುಗಿ ಹೋಯಿತು. ಬೆಳಿಗ್ಗೆ ಹಾಲು ಕರೆಯಲು ಹೋದ ನನ್ನ ಹೆಂಡತಿ, ತರಗೆಲೆಯ ಹಾಸಿನ ಮೇಲೆ ನಾಲ್ಕೂ ಕಾಲು ಚಾಚಿ ಮರಗಟ್ಟಿದ್ದ ಕರುವನ್ನು ಕಂಡು ಕೊಟ್ಟಿಗೆಯಲ್ಲೇ ಕೂತುಬಿಟ್ಟಳು. ಅಂದಿನಿಂದ ನನಗೆ ಮಂಜು ಮುಸುಕಿದ ಬೆಳಗೆಂದರೆ ಹೆದರಿಕೆ.

ಮರುವರ್ಷ ಅದೇ ದನ ಮತ್ತೆ ಚಳಿಗಾಲದಲ್ಲೇ ಹೆಣ್ಣು ಕರು ಹಾಕಿತು. ಈ ಸಲ ಬಿಡಬಾರದು ಎಂದು ನಾನು ಗೋಣಿಚೀಲ, ದಬ್ಬಣ, ಸುತ್ತಲಿ ದಾರ ಹಿಡಿದು ಕೂತೆ. ಹೊರಗೆ ಗೋಣಿ. ಒಳಗೆ, ಕರುವಿನ ಮೈಗೆ ತಾಗುವಂತೆ, ಹೆಂಡತಿಯ ಹಳೆಯ ಹತ್ತಿಸೀರೆ. ಇವೆರಡರ ನಡುವೆ ಒಂದು ಪದರ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ ನನ್ನ ಸ್ವಂತ ಬುದ್ಧಿ.

ಅಡಿಕೆ ಬೆಳೆಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲ ಹಿಡಿಯುವ ಮೊದಲು ನಾವು ಅಡಿಕೆಯ ಗೊನೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟುತ್ತೇವೆ. ಗೊನೆಗೆ ನೀರು ಬಿದ್ದರೆ ಕೊಳೆರೋಗ ಬರುತ್ತದೆ, ಅದಕ್ಕೆ. ಇದಕ್ಕೆ ಕೊಟ್ಟೆ ಕಟ್ಟುವುದು ಎನ್ನುತ್ತೇವೆ. ಆ ವರ್ಷ ಕಟ್ಟಿ ಉಳಿದ ಕೊಟ್ಟೆಯ ಹಾಳೆಗಳು ಅಟ್ಟದ ಮೇಲೆ ಸುರುಳಿ ಸುತ್ತಿ ಬಿದ್ದಿದ್ದವು. ನಾಲ್ಕು ತಿಂಗಳ ಮಳೆಯನ್ನು ತಡೆಯುವ ಹಾಳೆ ಕರುವಿಗೆ ಒಂದು ತಿಂಗಳ ಚಳಿ ತಡೆಯದೇ ಎಂದು ನನಗೆ ಅನ್ನಿಸಿತು. ಗಾಳಿ ತೂರುವುದಿಲ್ಲ, ಇಬ್ಬನಿ ಇಳಿಯುವುದಿಲ್ಲ. ಇಷ್ಟು ಸುಲಭದ್ದು ಊರಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಕೋಟು ತೊಡಿಸಿದ ಸಂಜೆ ಕರು ನಡುಗುವುದನ್ನು ನಿಲ್ಲಿಸಿತು. ವಾರ ಕಳೆಯುವುದರಲ್ಲಿ ಸುದ್ದಿ ಡೈರಿಗೆ ಮುಟ್ಟಿತು. ಹಾಲು ಹಾಕಲು ಬಂದವರೆಲ್ಲ ನನ್ನನ್ನು ಹಿಡಿದುಕೊಂಡರು.

“ಅಲ್ದ ಭಾವ, ಕರುವಿಗೆ ಕೋಟು ಹೊಲಿದ್ರಡ? ಎಲ್ಲಿ ದಿಬ್ಬಣ?”

“ಪಂಚೆ ಒಂದು ಬಾಕಿ ಇದ್ದು ಮಾರಾಯಾ. ಅದನ್ನೂ ಉಡಿಸಿದ್ರೆ ಮದ್ಮಗನ್ನೇ ಕಳ್ಸಲಾಗ್ತಿತ್ತು” ಎಂದ ಇನ್ನೊಬ್ಬ.

“ಹೆಣ್ಣು ಕರು ಅಲ್ದನಾ! ಸೀರೆ ಉಡಿಸವು.”

“ಒಳಗೆ ಸೀರೆನೇ ಇದ್ದು” ಎಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅದೇ ವಾರ ಇಬ್ಬರು ಮನೆಗೆ ಬಂದು ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಹೋದರು. ಹೈಸ್ಕೂಲು ಓದಿದ್ದೇ ನನ್ನ ದೊಡ್ಡ ಓದು. ತಮ್ಮಂದಿರಿಬ್ಬರು ಕಾಲೇಜು ಮೆಟ್ಟಿಲು ಹತ್ತಿದವರು. ಯಾರಾದರೂ ನನ್ನ ಹತ್ತಿರ ಏನಾದರೂ ಕೇಳಿ ತಿಳಿದುಕೊಳ್ಳುವುದು ಅಂದಿನವರೆಗೆ ನಡೆದಿರಲಿಲ್ಲ. ಆ ವಾರದ ಸುಖವನ್ನು ನಾನು ಸುಳ್ಳು ಎನ್ನಲಾರೆ.

ನಮ್ಮ ಕರುವಿಗೆ ಏನೂ ಆಗದೇ ಇದ್ದುದಕ್ಕೆ ಕಾರಣ ಕೋಟಲ್ಲ, ನನ್ನ ಹೆಂಡತಿ. ಅವಳು ಬೆಳಿಗ್ಗೆ ಎದ್ದವಳೇ ಕೋಟು ಬಿಚ್ಚಿ, ಕರುವನ್ನು ಒಣಹುಲ್ಲಿನಿಂದ ತಿಕ್ಕಿ, ಬಚ್ಚಲ ಒಲೆಯ ಎದುರು ತಂದು ನಿಲ್ಲಿಸುತ್ತಿದ್ದಳು. ಕೋಟನ್ನೂ ಅಲ್ಲೇ ಹರವುತ್ತಿದ್ದಳು. ನಾನು ಏಳುವಾಗ ಎಲ್ಲ ಒಣಗಿ ಬೆಚ್ಚಗಿರುತ್ತಿತ್ತು. ಅದನ್ನು ನಾನು ಎಂದೂ ವಿಚಾರಿಸಲಿಲ್ಲ. ಅವಳೂ, ಗಂಡ ಇಷ್ಟು ಹಿಗ್ಗಿನಲ್ಲಿದ್ದಾನೆ ಎಂದೋ ಏನೋ, ಹೇಳಲಿಲ್ಲ.

ಎಂಟು ಹತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಅತ್ತಿಗೆಯ ದನ ಕರು ಹಾಕಿತು. ಆ ದನ ಎರಡು ವರ್ಷ ಗಬ್ಬ ನಿಂತಿರಲಿಲ್ಲ. ಡೈರಿಯಿಂದ ಮೂರು ಸಲ ಇಂಜೆಕ್ಷನ್ ಕೊಡಿಸಿ, ಇನ್ನು ಆಗದಿದ್ದರೆ ಮಾರಿಬಿಡು ಎಂದು ಗಂಡ ಹೇಳಿ ಹೋದ ಮೇಲೆ ನಿಂತ ಗಬ್ಬ ಅದು. ಹುಟ್ಟಿದ್ದು ಹೆಣ್ಣು ಕರು. ಹಣೆಯ ಮೇಲೆ ಅಂಗೈ ಅಗಲದ ಬಿಳಿ. ಅವಳು ಸಂಕದ ಆಚೆಯಿಂದಲೇ ಕೂಗಿದಳು.

“ಭಾವಾ, ಹೆಣ್ಣು ಕರು! ಇನ್ನು ದನ ಮಾರದು ಬ್ಯಾಡ! ಎಂಗೂ ಒಂದು ಕೋಟು ಹೊಲ್ದು ಕೊಡ್ತ್ರಾ?”

ಆ ಸಂಜೆಯೊಳಗೆ ಹೊಲಿದೆ. ನಮ್ಮದಕ್ಕಿಂತ ಚೆನ್ನಾಗಿ ಹೊಲಿದೆ. ಅವಳ ಕೊಟ್ಟಿಗೆಗೆ ಎರಡು ಬದಿ ಗೋಡೆಯಿಲ್ಲ, ಗಾಳಿ ಹೆಚ್ಚು ಎಂದು ಪ್ಲಾಸ್ಟಿಕ್ಕನ್ನು ಎರಡು ಮಡಿಕೆ ಮಾಡಿದೆ. ಹೊಟ್ಟೆಯ ಅಡಿಯಲ್ಲೂ ಸುತ್ತಿ ಬರುವಂತೆ, ಎಲ್ಲೂ ಬಾಯಿ ಬಿಡದಂತೆ ಬಿಗಿದು ಹೊಲಿದೆ. ನಾನೇ ಒಯ್ದು ತೊಡಿಸಿ ಬಂದೆ. ಕರು ಬೆಚ್ಚಗಿತ್ತು. ದನ ಕೋಟನ್ನು ಮೂಸಿ, ನೆಕ್ಕಿ, ಸುಮ್ಮನಾಯಿತು.

ಮಾರನೆಯ ಬೆಳಿಗ್ಗೆ ನನ್ನ ಹೆಂಡತಿಗೆ ಮೈ ಬಿಸಿ. ಎದ್ದಿರಲಿಲ್ಲ. ನಾನೇ ಕೊಟ್ಟಿಗೆಗೆ ಹೋಗಿ ನಮ್ಮ ಕರುವಿನ ಕೋಟು ಬಿಚ್ಚಿದೆ. ಒಳಗೆ ಕೈ ಹಾಕಿದವನು ಹಾಗೇ ನಿಂತೆ.

ಹತ್ತಿಸೀರೆಯನ್ನು ಹಿಂಡಿದರೆ ನೀರು ಇಳಿಯುವಂತಿತ್ತು. ಕಪ್ಪೆಯ ಹೊಟ್ಟೆ ಮುಟ್ಟಿದಷ್ಟು ತಣ್ಣಗಿತ್ತು. ಕರುವಿನ ರೋಮವೆಲ್ಲ ಮೈಗೆ ಅಂಟಿ, ಕೋಟು ತೆಗೆದ ಕೂಡಲೇ ಬೆನ್ನಿನಿಂದ ಹೊಗೆಯಂತೆ ಆವಿ ಎದ್ದಿತು. ಮತ್ತೆ ಅದು ನಡುಗತೊಡಗಿತು.

ಆ ಗಳಿಗೆಯಲ್ಲಿ ನನಗೆ ಎಲ್ಲವೂ ತಿಳಿಯಿತು. ತಿಳಿಯದೇ ಇರಲು ಸಾಧ್ಯವೇ ಇರಲಿಲ್ಲ. ಕೊಟ್ಟೆ ಕಟ್ಟುವಾಗ ಕೆಳಬಾಯಿಯನ್ನು ಬಿಟ್ಟೇ ಕಟ್ಟಬೇಕು. ಮುಚ್ಚಿ ಕಟ್ಟಿದರೆ ಒಳಗೆ ಬೆವರಿ ಗೊನೆಯೇ ಕೊಳೆಯುತ್ತದೆ. ನಮ್ಮ ಕಡೆ ಮರ ಹತ್ತುವವನಿಗೆ ಮೊದಲು ಹೇಳಿಕೊಡುವುದೇ ಇದನ್ನು. ನಾನು ಇಪ್ಪತ್ತೈದು ವರ್ಷ ಮರದ ಕೆಳಗೆ ನಿಂತು ‘ಬಾಯಿ ಬಿಡು, ಬಾಯಿ ಬಿಡು’ ಎಂದು ಕೂಗಿದವನು. ಉಸಿರಾಡುವ ಜೀವಕ್ಕೆ ಬಾಯಿ ಬಿಡದೆ ಕಟ್ಟಿದ್ದೆ.

ಚಾಕು ತಂದು ನಮ್ಮ ಕೋಟಿನ ಹೊಲಿಗೆ ಬಿಚ್ಚಿ ಪ್ಲಾಸ್ಟಿಕ್ಕನ್ನು ಎಳೆದು ತೆಗೆದೆ. ಕರುವನ್ನು ಒಲೆಯ ಎದುರು ತಂದು ಒಣಗುವವರೆಗೂ ತಿಕ್ಕಿದೆ. ಆಮೇಲೆ ಅದೇ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತಿಗೆಯ ಮನೆಗೆ ಹೊರಟೆ. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಹೊರಟಿದ್ದು ನಿಜ. ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ಅರ್ಧ ದಾರಿ ಹೋಗಿದ್ದೂ ನಿಜ.

ಅಲ್ಲಿ ಡೈರಿಯ ಕಾರ್ಯದರ್ಶಿ ಎದುರಾದ. ಪಕ್ಕದ ಕೇರಿಯವನು, ಒಳ್ಳೆಯ ಮನುಷ್ಯ. ಸೈಕಲ್ಲು ನಿಲ್ಲಿಸಿ, “ಓ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಸವಾರಿ ಮಾರಾಯ್ರೆ? ನಿಮ್ಮನ್ನೇ ಹುಡುಕ್ತಿದ್ದೆ. ನಾಡಿದ್ದು ದನದ ಡಾಕ್ಟ್ರು ನಿಮ್ಮನೆಗೇ ಬರ್ತ್ರು. ಕೋಟು ನೋಡ್ಬೇಕಂತೆ. ಚಲೋ ಇದ್ರೆ ಸಂಘದ ಮೀಟಿಂಗಲ್ಲಿ ಎಲ್ಲರಿಗೂ ಹೇಳ್ತ್ರಂತೆ. ನಿಮ್ಮನ್ನೇ ನಿಲ್ಸಿ ಮಾತಾಡ್ಸೋದು ಅಂತ ಇದೀವಿ” ಎಂದ.

“ನಾನು ಎಂತ ಮಾತಾಡೋದು” ಎಂದೆ.

“ಕೋಟು ಹೊಲಿದವ್ರು ಮಾತಾಡದೇ ಕೋಟು ಹಾಕ್ಕೊಂಡವ್ರು ಮಾತಾಡ್ತ್ರಾ?” ಎಂದು ನಗುತ್ತ ಹೋದ.

ನಾನು ಹಾಳಿಯ ಮೇಲೆ ನಿಂತಿದ್ದೆ. ಮಂಜಿನಲ್ಲಿ ಸಂಕ ಕಾಣುತ್ತಿರಲಿಲ್ಲ. ಈಗ ಹೋಗಿ ಹೇಳಿದರೆ ನಾಳೆ ಡೈರಿಯಲ್ಲಿ ಅದೇ ಮಾತು. ಸಂಜೆ ಹೋದರಾಯಿತು, ಯಾರೂ ಇಲ್ಲದಾಗ ಸುಮ್ಮನೆ ಪ್ಲಾಸ್ಟಿಕ್ ತೆಗೆದರಾಯಿತು ಎಂದುಕೊಂಡೆ. ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ. ಮನೆಗೆ ತಿರುಗಿದೆ. ಆ ಸಂಜೆ ಹೆಂಡತಿಯ ಜ್ವರ ಏರಿತು. ಕಷಾಯ, ದನದ ಕೆಲಸ, ಅಡಿಗೆ ಎಂದು ನನಗೆ ನೆಪ ಸಿಕ್ಕಿತು. ಹತ್ತು ನಿಮಿಷದ ದಾರಿಗೆ ನೆಪ.

ಮಾರನೆಯ ದಿನದಿಂದ ನನ್ನ ಕಿವಿ ಹಳ್ಳದಾಚೆಗೇ ಹೋಯಿತು. ಬೆಳಿಗ್ಗೆ ಎದ್ದವನೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಆ ಕರು ಕೂಗಿದರೆ ಜೀವ ಬಂದಂತಾಗುತ್ತಿತ್ತು. ಸ್ವಲ್ಪ ಹೊತ್ತು ಕೂಗದಿದ್ದರೆ ಚೊಂಬು ಕೆಳಗಿಟ್ಟು ಅಂಗಳದ ಅಂಚಿನವರೆಗೆ ಹೋಗುತ್ತಿದ್ದೆ. ನಮ್ಮ ಕರು ನಡುವೆ ಕೂಗಿದರೆ ಅದರ ಮೇಲೆ ಸಿಟ್ಟು ಬರುತ್ತಿತ್ತು, ಆಚೆಯ ದನಿ ಕೇಳಲು ಬಿಡುವುದಿಲ್ಲವಲ್ಲ ಎಂದು. ಆ ದಿನ ಆಚೆಯ ಕೂಗು ಸಣ್ಣದಾಗಿತ್ತು. ಅಥವಾ ನನಗೆ ಹಾಗೆ ಕೇಳಿಸಿತು. ಸಂಜೆ ತಡೆಯಲಾರದೆ ಹೋದೆ.

ಅತ್ತಿಗೆ ಹುಲ್ಲಿನ ಹೊರೆ ಇಳಿಸುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು.

“ಬನ್ನಿ ಭಾವಾ. ನಿಂಗಳ ಕೋಟು ಅಂದ್ರೆ ಕೋಟು! ಆನು ಹಗ್ಲೂ ಬಿಚ್ಚಿದ್ದೇ ಇಲ್ಲೆ ನೋಡಿ.”

ಅವಳು ಹೇಳಿದ ಆ ಮಾತು ನನಗೆ ಈಗಲೂ ಅದೇ ದನಿಯಲ್ಲಿ ಕೇಳುತ್ತದೆ. ಎರಡು ದಿನ ಅದು ಆ ನೀರಿನಲ್ಲಿ ನಿಂತಿತ್ತು.

“ಹಗಲಿಗೆ ಬಿಚ್ಚಿ ಒಣಗಿಸಕ್ಕು ಅತ್ತಿಗೆ” ಎಂದೆ. ಬಾಯಿಂದ ಹೊರಬಿದ್ದದ್ದು ಅಷ್ಟೇ.

“ಒಣಗಿಸಲೆ ಬಿಸಿಲೆಲ್ಲಿದ್ದು? ಹತ್ತು ಗಂಟೆವರೆಗೂ ಮಂಜು ಬಿಡ್ತಿಲ್ಲೆ. ಬಿಚ್ಚಿದ್ರೆ ನಡುಗ್ತು ಭಾವ, ನೋಡಲಾಗ್ತಿಲ್ಲೆ. ನಿಂಗ ಇಷ್ಟು ಕಷ್ಟಪಟ್ಟು ಹೊಲ್ದಿದ್ದು ಬಿಚ್ಚಿಡಲಾ?”

ಕರು ಮೂಲೆಯಲ್ಲಿ ಮಲಗಿತ್ತು. ನನ್ನ ಕಡೆ ನೋಡಲಿಲ್ಲ. ಚಾಕು ಸೊಂಟದಲ್ಲೇ ಇತ್ತು. ಪ್ಲಾಸ್ಟಿಕ್ ತೆಗಿ ಎನ್ನುವ ಎರಡು ಮಾತು ಹೇಳಲು ಎಷ್ಟು ಹೊತ್ತು ಬೇಕು? ‘ಹಾಂಗಾರೆ ಮೊದಲೇ ಎಂತಕ್ಕೆ ಹೇಳಲ್ಲೆ’ ಎಂದು ಅವಳು ಕೇಳುತ್ತಾಳೆ ಎನ್ನುವುದೊಂದೇ ನನ್ನ ತಲೆಯಲ್ಲಿ. ಒಂದು ದಿನ ಸುಮ್ಮನಿದ್ದುದನ್ನು ಮುಚ್ಚಲು ಎರಡನೆಯ ದಿನವೂ ಸುಮ್ಮನಿದ್ದೆ. ಚಾ ಕುಡಿದು ಬಂದೆ.

ಮರುದಿನ ಮಧ್ಯಾಹ್ನ ದನದ ಡಾಕ್ಟರು ಮೋಟಾರ್‌ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು. ಹಾವೇರಿ ಕಡೆಯವರು, ಗಟ್ಟಿ ದನಿ. ನಮ್ಮ ಕರುವಿನ ಕೋಟು ಬಿಚ್ಚಿಸಿ ಒಳಗೆ ಹೊರಗೆ ಕೈಯಾಡಿಸಿದರು.

“ಛಲೋ ಮಾಡೀರಿ ನೋಡ್ರಿ. ಗೋಣಿ, ಒಳಗ ಅರಿವಿ, ಇಷ್ಟ ಸಾಕು. ಪ್ಲಾಸ್ಟಿಕ್ ಹಾಕಿಲ್ಲಲ್ಲ, ಅದು ಭಾಳ ಛಲೋ ಆತು. ಕೆಲವ್ರು ಶ್ಯಾಣ್ಯಾ ಆಗಾಕ ಹೋಗಿ ಪ್ಲಾಸ್ಟಿಕ್ ಸುತ್ತಿಬಿಡ್ತಾರ. ಒಳಗ ಬೆವತು ನೀರಾಗಿ, ಕರುಗೋಳಿಗೆ ನ್ಯುಮೋನಿಯಾ ಆಗಿ ಹೋಗ್ತಾವ.”

ನನ್ನ ಹೆಂಡತಿ ಜ್ವರ ಬಿಟ್ಟು ಎದ್ದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿದಳು. ಪ್ಲಾಸ್ಟಿಕ್ ಹಾಕಿದ್ದೂ ಅವಳಿಗೆ ಗೊತ್ತು, ತೆಗೆದಿದ್ದೂ ಗೊತ್ತು. ಆಚೆ ಮನೆಯದರಲ್ಲಿ ಅದು ಇನ್ನೂ ಇದೆ ಎನ್ನುವುದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಗದ್ದೆಯ ಹಾಳಿಯ ಮೇಲೆ ಓಡಿ ಬರುವುದು ಕಂಡಿತು. ಡಾಕ್ಟರ ಗಾಡಿಯ ಸದ್ದು ಕೇಳಿ ಬಂದಿದ್ದಳು. “ಡಾಕ್ಟ್ರೇ, ಒಂದು ಸಲ ಬನ್ನಿ. ಕರು ಹಾಲು ಕುಡೀತಿಲ್ಲ. ಕೆಮ್ಮು. ಉಸಿರಿಗೆ ಹೊಟ್ಟೆ ಹಾರ್ತಾ ಇದೆ” ಎಂದಳು. ಅವಳಿಗೆ ಏದುಸಿರು ಬಂದಿತ್ತು.

ಡಾಕ್ಟರು ಚೀಲ ತೆಗೆದುಕೊಳ್ಳುವುದರೊಳಗೆ ನಾನು ಸಂಕ ದಾಟಿಯಾಗಿತ್ತು. ನೋಡಿದವರು ಕರುವಿನ ಮೇಲಿನ ಕಾಳಜಿ ಎಂದುಕೊಂಡಿರಬೇಕು. ನಾನು ಓಡಿದ್ದು ಬೇರೆಯದಕ್ಕೆ. ಕೊಟ್ಟಿಗೆಗೆ ನುಗ್ಗಿ ಸುತ್ತಲಿಯ ಗಂಟು ಕೊಯ್ದು ಕೋಟನ್ನು ಕಿತ್ತು ತೆಗೆದೆ. ಪ್ಲಾಸ್ಟಿಕ್ ಅಂಚು ಕಾಣದಂತೆ ನಾಲ್ಕು ಮಡಿಕೆ ಮಾಡಿ ಎಡಗೈಯ ಕಂಕುಳಲ್ಲಿ ಇಟ್ಟುಕೊಂಡೆ. ಅವರಿಬ್ಬರೂ ಒಳಗೆ ಬಂದರು.

ಡಾಕ್ಟರು ಕರುವಿನ ಬೆನ್ನ ಮೇಲೆ ಕೈಯಿಟ್ಟರು. “ಏನವ್ವಾ, ಕರು ಎಲ್ಲೆರ ತೊಯ್ಸಿಕೊಂಡಿತ್ತೇನು? ಕೂದಲಾ ಇಷ್ಟ ಹಸಿ ಐತಲ್ಲ?”

“ಇಲ್ಲ ಡಾಕ್ಟ್ರೇ. ಹಾಸು ದಿನಾ ಬದಲಿಸ್ತೆ. ಮೇಲಿಂದ ನಮ್ಮ ಭಾವ ಹೊಲಿದ ಕೋಟು ಬೇರೆ ಹಾಕಿದ್ದೆ.”

“ಕೋಟು ನಾ ಈಗಷ್ಟ ನೋಡಿ ಬಂದೆ, ಛಲೋನ ಐತಿ. ಮತ್ತ ಹಸಿ ಹೆಂಗಾತು?” ಅವರು ತಲೆಯೆತ್ತಿ ನನ್ನನ್ನು ನೋಡಿದರು.

ಮಡಿಚಿದ ಕೋಟಿನಿಂದ ನೀರು ಜಿನುಗಿ ನನ್ನ ಅಂಗಿ ತೋಯುತ್ತಿತ್ತು. ಮೊದಲು ಕಂಕುಳ ಕೆಳಗೆ, ಆಮೇಲೆ ಪಕ್ಕೆ, ಆಮೇಲೆ ಪಂಚೆಯ ಸೊಂಟದವರೆಗೆ. ಒಂದು ಹನಿ ನೆಲಕ್ಕೆ ಬಿದ್ದರೆ ಡಾಕ್ಟರು ನೋಡುತ್ತಾರೆ ಎಂದು ಕೈಯನ್ನು ಇನ್ನಷ್ಟು ಬಿಗಿದೆ. ಬಿಗಿದಷ್ಟೂ ನೀರು ಹೆಚ್ಚು ಇಳಿಯಿತು. ಇದೇ ತಣ್ಣಗೆ ಮೂರು ದಿನದ ಕರುವಿನ ಮೈಮೇಲೆ ಇತ್ತು ಎಂದು ನನಗೆ ಅರ್ಥವಾಯಿತು. ಅರ್ಥವಾಗಿಯೂ ಹೇಳಿದೆ:

“ಇಬ್ಬನಿ ಇರಬೇಕು ಸರ್. ಈ ಕೊಟ್ಟಿಗೆಗೆ ಎರಡು ಬದಿ ಗೋಡೆ ಇಲ್ಲ ನೋಡಿ.”

ಅತ್ತಿಗೆ ಗೋಡೆಯಿಲ್ಲದ ಬದಿಯನ್ನು ನೋಡಿದಳು. ತಲೆ ತಗ್ಗಿಸಿದಳು.

ಡಾಕ್ಟರು ಎರಡು ಇಂಜೆಕ್ಷನ್ ಕೊಟ್ಟರು. ಒಲೆಯ ಹತ್ತಿರ ಇಡಿ, ಒಣಗಿಸಿ ಎಂದರು. ಅವರು ಹೊರಗೆ ಹೋದ ಮೇಲೆ ನಾನು ಕೋಟನ್ನು ಅಲ್ಲೇ ಗೂಟಕ್ಕೆ ಹಾಕಿ, ತೋಯ್ದ ಬದಿಯನ್ನು ಗೋಡೆಯ ಕಡೆ ಮಾಡಿಕೊಂಡು ಜಾರಿದೆ. ಮನೆಗೆ ತಂದರೆ ಹೆಂಡತಿ ನೋಡುತ್ತಾಳೆ ಎಂಬ ಭಯ.

ಮಾರನೆಯ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತೆ. ಮಂಜು. ಹಳ್ಳದ ನೀರಿನ ಸದ್ದು ಇತ್ತು. ಒಂದು ಕಾಜಾಣ ಕೂಗುತ್ತಿತ್ತು. ಆಮೇಲೆ ದನದ ಕೂಗು ಕೇಳಿತು. ಕರುವಿನದಲ್ಲ, ದನದ್ದು. ಉದ್ದಕ್ಕೆ, ಒಂದರ ಹಿಂದೆ ಒಂದು.

ನಾವೇ ಹೋಗಿ ಹೂಳಲು ಸಹಾಯ ಮಾಡಿದೆವು. ಗುಂಡಿ ತೋಡಿದ್ದು ನಾನು. ಅತ್ತಿಗೆ ಅಳಲಿಲ್ಲ. “ಕರು ಹುಟ್ಟಿದ ದಿನ ಚೌಡಿಗೆ ಕಾಯಿ ಒಡಸಲೆ ಮರ್ತುಬಿಟ್ಟಿ. ಇವ್ರೂ ಇತ್ತಿದ್ವಿಲ್ಲೆ. ನೆನಪು ಮಾಡವ್ವು ಯಾರೂ ಇತ್ತಿದ್ವಿಲ್ಲೆ. ಅದಕ್ಕೇ ಆಯ್ದು” ಎಂದಳು. ಚೌಡಿ ನಮ್ಮ ಕೇರಿಯ ದನಕರು ಕಾಯುವ ದೇವತೆ, ಹಳ್ಳದ ಬದಿಯ ಒಂದು ಕಲ್ಲು. ಆ ದಿನವೇ ಹೋಗಿ ಕಾಯಿ ಒಡೆಸಿದಳು. ತಪ್ಪಾಯಿತೆಂದು ಕಲ್ಲಿನ ಎದುರು ಅವಳು ಅಡ್ಡಬಿದ್ದುದನ್ನು ಸಂಕದ ಮೇಲೆ ನಿಂತು ನೋಡಿದೆ.

ಕರು ಹೋದರೆ ಕೆಲವು ದನ ಹಾಲು ಇಳಿಸುವುದಿಲ್ಲ. ಅವಳ ದನ ಕೆಚ್ಚಲು ಬಿಗಿದು ನಿಂತಿತು, ಹತ್ತಿರ ಹೋದರೆ ಒದೆಯಿತು. ಎರಡು ದಿನ ಕಳೆದ ಮೇಲೆ ಅವಳು ಒಂದು ಉಪಾಯ ಮಾಡಿದಳು. ಕರುವಿನ ವಾಸನೆಯಿದ್ದ ಆ ಕೋಟನ್ನು ದನದ ಮುಖದ ಎದುರು ಗೂಟಕ್ಕೆ ಕಟ್ಟಿದಳು. ದನ ಅದನ್ನು ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ ಹಾಲು ಬಿಟ್ಟಿತು. ದಿನಾ ಬೆಳಿಗ್ಗೆ ಸಂಜೆ ಹೀಗೆಯೇ.

“ಕರು ಉಳೀದಿದ್ರೂ ನಿಂಗಳ ಕೋಟಿಂದ ಹಾಲಾದ್ರೂ ಬಂತು ಭಾವ” ಎಂದಳು ಒಂದು ದಿನ, ಡೈರಿಯಲ್ಲಿ, ಎಲ್ಲರೆದುರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಂಘದ ಮೀಟಿಂಗಿಗೆ ನಾನು ಹೋಗಲಿಲ್ಲ. ಹೊಟ್ಟೆನೋವು ಎಂದೆ. ಡಾಕ್ಟರೇ ನನ್ನ ಕೋಟಿನ ವಿಷಯ ಹೇಳಿದರಂತೆ, ಜನ ಚಪ್ಪಾಳೆ ತಟ್ಟಿದರಂತೆ. ಆಮೇಲೆ ಕೇಳಿಕೊಂಡು ಬಂದವರಿಗೆಲ್ಲ ನಾನು ಗೋಣಿ ಮತ್ತು ಹತ್ತಿಬಟ್ಟೆಯ ಕೋಟನ್ನೇ ಹೊಲಿದು ಕೊಟ್ಟೆ. ಪ್ಲಾಸ್ಟಿಕ್ ಹಾಕಬೇಡಿ ಎಂದು ಎಲ್ಲರಿಗೂ ಹೇಳಿದೆ. ಒಬ್ಬಳಿಗೆ ಬಿಟ್ಟು.

ಏಳೆಂಟು ವರ್ಷ ಹೀಗೇ ಹೋಯಿತು. ಅವಳ ಮಗಳಿಗೆ ಯಲ್ಲಾಪುರದ ಕಡೆ ಮದುವೆಯಾಯಿತು. ಒಂದು ಚಳಿಗಾಲ, ಮಧ್ಯಾಹ್ನ ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದೆ. ಅತ್ತಿಗೆ ಬಂದಳು. ಕೈಯಲ್ಲಿ ಒಗೆದು ಮಡಿಚಿದ ಆ ಕೋಟು.

“ಮಗಳ ಮನೇಲಿ ದನ ಇವತ್ತೋ ನಾಳೆನೋ ಕರು ಹಾಕ್ತಡ. ಯಲ್ಲಾಪುರದ ಚಳಿ ನಮ್ಮಲ್ಲಿಗಿಂತ ಜೋರು ಹೇಳಿ ಫೋನ್ ಮಾಡಿತ್ತು. ನಾಳೆ ಬೆಳಿಗ್ಗೆ ಬಸ್ಸಿಗೆ ಇದನ್ನ ತಗಂಡು ಹೋಗ್ತೆ. ಅಂಚು ಒಂಚೂರು ಬಿಟ್ಟೋಯ್ದು. ಹೊಲ್ದು ಕೊಡ್ತ್ರಾ ಭಾವ?”

ಕೋಟನ್ನು ನನ್ನ ತೊಡೆಯ ಮೇಲಿಟ್ಟು ಹೋದಳು. ಒತ್ತಿದರೆ ಒಳಗೆ ಪ್ಲಾಸ್ಟಿಕ್ ಸರಸರ ಎನ್ನುತ್ತಿತ್ತು. ಅವಳು ತಂದುಕೊಡದೇ ನೇರ ಒಯ್ದಿದ್ದರೆ? ಅಂಚು ಬಿಡದೇ ಇದ್ದಿದ್ದರೆ? ಇನ್ನೊಂದು ಕರು, ನಾನು ನೋಡಿರದ ಕೊಟ್ಟಿಗೆಯಲ್ಲಿ, ಅದೇ ನೀರಿನಲ್ಲಿ ನಿಲ್ಲುತ್ತಿತ್ತು. ಕೂಡಲೇ ಚಾಕು ತಂದು ಹೊಲಿಗೆ ಬಿಚ್ಚಿದೆ. ಎರಡು ಮಡಿಕೆಯ ಪ್ಲಾಸ್ಟಿಕ್ಕನ್ನು ಎಳೆಯುತ್ತಿದ್ದಾಗ ಹೆಂಡತಿ ಒಳಗಿಂದ ಬಂದಳು. ಪ್ಲಾಸ್ಟಿಕ್ಕಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

“ಅವತ್ತು ಅದ್ರಲ್ಲೂ ಇತ್ತಾ?” ಎಂದಳು.

“ಇತ್ತು.”

“ಹೇಳಿಕ್ಕೆ ಬನ್ನಿ. ಹೊಲ್ದು ಕೊಟ್ರೆ ಆಗ್ತಿಲ್ಲೆ. ಹೇಳಿಕ್ಕೆ ಬನ್ನಿ.”

ಸಂಜೆ ಕೋಟು ಹಿಡಿದು ಹೋದೆ. ಅತ್ತಿಗೆ ಕೈಯಲ್ಲಿ ತೂಗಿ ನೋಡಿದಳು. “ಹಗುರ ಆಯ್ದಲಿ ಭಾವ?”

“ಪ್ಲಾಸ್ಟಿಕ್ ತೆಗ್ದಿ ಅತ್ತಿಗೆ. ಅದು ಬ್ಯಾಡ. ಅದ್ರಿಂದ ಒಳಗೆ ನೀರು ನಿಲ್ತು.”

ಅವಳು ಕೋಟನ್ನೇ ನೋಡುತ್ತ ನಿಂತಳು. ಬೆರಳು ಒಳಗಿನ ಬಟ್ಟೆಯ ಮೇಲೆ ಆಡುತ್ತಿತ್ತು. “ಹಾಂಗಾರೆ ಎನ್ನ ಕರು…”

“ಹೌದು. ಅದಕ್ಕೇ.”

“ನಿಂಗಕ್ಕೆ ಯಾವಾಗ ಗೊತ್ತಾತು?”

ಅವಳು ಕೇಳಿದ್ದು ಒಂದೇ ಪ್ರಶ್ನೆ. ನಾನು ಅದಕ್ಕಾಗಿಯೇ ಹೋಗಿದ್ದೆ. ಅವಳ ಕಣ್ಣು ನೋಡಿದೆ. “ಆಮೇಲೆ” ಎಂದೆ.

ಅವಳು ಉಸಿರು ಬಿಟ್ಟಳು. ಏಳೆಂಟು ವರ್ಷ ಹಿಡಿದಿಟ್ಟಿದ್ದ ಉಸಿರಿನಂತೆ ಇತ್ತು ಅದು. “ಹಾಂಗಾರೆ ಚೌಡಿ ಸಿಟ್ಟಲ್ಲ. ಎನ್ನ ತಪ್ಪಲ್ಲ. ಹೋಗ್ಲಿ ಬಿಡಿ ಭಾವ, ಗೊತ್ತಿಲ್ದೇ ಆಗಿದ್ದಕ್ಕೆ ಯಾರೆಂತ ಮಾಡಲಾಗ್ತು” ಎಂದು ಒಳಗೆ ಹೋಗಿ ಚಾ ಮಾಡಿ ತಂದಳು. ನಾನು ಕುಡಿದೆ. ಯಲ್ಲಾಪುರದ ಕರು ಬದುಕಿತು. ಹೆಂಡತಿ ಕೇಳಿದಾಗ ಹೇಳಿ ಬಂದೆ ಎಂದೆ. ಅವಳು ನಂಬಿದಳು.

ಆ ‘ಆಮೇಲೆ’ ಎಂಬ ಮಾತು ಸುಳ್ಳು. ನನಗೆ ಗೊತ್ತಾಗಿದ್ದು ಮೊದಲ ಬೆಳಿಗ್ಗೆಯೇ.

ಈಗ ನನಗೆ ವಯಸ್ಸಾಯಿತು. ಅತ್ತಿಗೆಗೂ ಮಂಡಿನೋವು, ಕಣ್ಣು ಮಂದ. ಇದು ಅಚ್ಚಾಗಿ ಬೇರೆ ಯಾರೋ ಅವಳಿಗೆ ಓದಿ ಹೇಳುವುದು ಬೇಡ ಎಂದು, ಇಲ್ಲಿಯವರೆಗೆ ಬರೆದ ಹಾಳೆಗಳನ್ನು ಹಿಡಿದುಕೊಂಡು ನಿನ್ನೆ ಬೆಳಿಗ್ಗೆ ಹೋದೆ. ಎರಡು ಸಲ ಸಂಕದವರೆಗೆ ಹೋಗಿ ತಿರುಗಿ ಬಂದು, ಮೂರನೆಯ ಸಲ ದಾಟಿದೆ. ಅವಳು ಅಂಗಳದ ಬಿಸಿಲಲ್ಲಿ ಕೂತು ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿಯುತ್ತಿದ್ದಳು. ಓದುತ್ತೇನೆ, ಕೇಳು ಎಂದೆ. ಕೈ ನಿಲ್ಲಿಸದೆ ಕೇಳಿದಳು. ದಿಬ್ಬಣದ ಮಾತಿಗೆ ನಕ್ಕಳು. ಕಪ್ಪೆಯ ಹೊಟ್ಟೆ ಎಂದಲ್ಲಿ ಕೈ ನಿಧಾನವಾಯಿತು. ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು ಎಂದಲ್ಲಿ ನಿಂತಿತು. ಕೊನೆಯವರೆಗೆ ಓದಿದೆ.

ಅವಳು ಸುಲಿದ ಅಡಿಕೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಹೇಳಲೆ ಮೂರು ದಿನ ಇತ್ತಲಿ ಭಾವ” ಎಂದಳು.

“ಇತ್ತು.”

“ಆನು ಹಗ್ಲೂ ಬಿಚ್ಚಿದ್ದಿಲ್ಲೆ ಹೇಳಿ ನಿಂಗಳ ಎದುರೇ ಹೇಳಿದ್ದಿ.”

“ಹೌದು ಅತ್ತಿಗೆ.”

ಒಳಗೆ ಕೊಟ್ಟಿಗೆಯಲ್ಲಿ ಕರುವೊಂದು ಕೂಗಿತು. ಅವಳು ಮಂಡಿ ಹಿಡಿದು ಎದ್ದು ಅದರ ಕಡೆ ಹೋದಳು. ನಾನು ಹಾಳೆ ಮಡಿಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಅವಳು ಹೊರಗೆ ಬರಲಿಲ್ಲ. ಚಾ ಮಾಡಲಿಲ್ಲ. ನಾನು ಎದ್ದು ಸಂಕ ದಾಟಿ ಮನೆಗೆ ಬಂದೆ.